ಆರನೇ ದಿನದ ಸಮುದ್ರ

ರಮಣೀಯ ಮಾರ್ಗಗಳ ನಿರ್ದೇಶನಾಲಯದ ವರ್ಣನಾ ವಿಭಾಗದಲ್ಲಿ ಕೆಲಸ ಮಾಡುವವರು ಸಮುದ್ರವನ್ನಾಗಲಿ ಬೆಟ್ಟವನ್ನಾಗಲಿ ನೋಡಿರಬಾರದು. ನೋಡಿದವನು ಮರುಳಾಗುತ್ತಾನೆ, ಮರುಳಾದವನು ಒಂದು ಬೆಟ್ಟವನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಮರೆಯುತ್ತಾನೆ, ಆಗ ಮರೆತ ಬೆಟ್ಟಕ್ಕೆ ಅನ್ಯಾಯವಾಗುತ್ತದೆ ಎಂದು ನಿಯಮಾವಳಿಯ ಮೊದಲ ಪುಟದಲ್ಲೇ ಅಚ್ಚಾಗಿದೆ. ಕೆಲಸಕ್ಕೆ ಸೇರುವ ದಿನ 'ನಾನು ಈವರೆಗೆ ಸಮುದ್ರ ನೋಡಿಲ್ಲ, ಮುಂದೆಯೂ ನೋಡುವುದಿಲ್ಲ' ಎಂದು ಬರೆದುಕೊಡಬೇಕು. ಅದರ ಕೆಳಗೆ ಸಮುದ್ರ ನೋಡಿರುವ ಗೌರವಸ್ಥರೊಬ್ಬರು ಸಹಿ ಹಾಕಬೇಕು.

ಈ ವಿಭಾಗದ ಗುಮಾಸ್ತ ಇಪ್ಪತ್ತೆರಡು ವರ್ಷಗಳಿಂದ ಸಮುದ್ರವನ್ನು ಬರೆಯುತ್ತಿದ್ದ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ಅಲೆರಾಯ. ಅವನ ಮೇಜು ಎರಡನೇ ಮಹಡಿಯ ಮೂಲೆಯಲ್ಲಿತ್ತು. ಪಕ್ಕದ ಕಿಟಕಿಯಿಂದ ಅಪ್ಪಿತಪ್ಪಿ ಏನಾದರೂ ಕಂಡುಬಿಟ್ಟರೆ ಕಷ್ಟವೆಂದು ಅದಕ್ಕೆ ಕಡತದ ಬೀರು ಒರಗಿಸಿದ್ದರು. ಸೂರ್ಯಾಸ್ತಕ್ಕೆ ಮೂರು ವಿಶೇಷಣ, ಸೂರ್ಯೋದಯಕ್ಕೆ ಎರಡು (ಅಷ್ಟು ಹೊತ್ತಿಗೆ ಏಳುವವರು ಕಡಿಮೆ), ಜಲಪಾತಕ್ಕೆ ಬೇಸಿಗೆಯಲ್ಲಿ ಒಂದೇ. ಇಷ್ಟು ವರ್ಷದಲ್ಲಿ ಅವನು ಒಂದೇ ಒಂದು ಸೂರ್ಯಾಸ್ತಕ್ಕೂ ನಾಲ್ಕನೇ ವಿಶೇಷಣ ಹಾಕಿದವನಲ್ಲ. ಅಂಥ ಪ್ರಾಮಾಣಿಕ ಮನುಷ್ಯ.

ಮದುವೆಯಾದ ಹೊಸದರಲ್ಲಿ ಹೆಂಡತಿ ಅವನನ್ನು ಕೇಳಿದ್ದು ಒಂದೇ. "ನಿಮ್ಮ ಜೊತೆ ಒಂದು ಸಲ ಸಮುದ್ರ ನೋಡಬೇಕು ರೀ." ಸಮುದ್ರ ಅವರ ಮನೆಯಿಂದ ಟೌನ್ ಬಸ್ಸಿನಲ್ಲಿ ನಲವತ್ತು ನಿಮಿಷ. ಅಕ್ಕಪಕ್ಕದ ಮನೆಯವರು ಭಾನುವಾರ ಹೋಗಿ ಕಾಲು ತೋಯಿಸಿಕೊಂಡು ಬರುತ್ತಿದ್ದರು, ಬಾ ಎಂದು ಕರೆಯುತ್ತಿದ್ದರು. "ಅವರಿಲ್ಲದೆ ನಾನೊಬ್ಬಳೇ ಏನು ನೋಡ್ಲಿ?" ಎಂದು ಅವಳು ಹೋಗಲಿಲ್ಲ. ಪ್ರತಿ ಬೇಸಿಗೆಯಲ್ಲೂ ಅಟ್ಟದಿಂದ ನೀಲಿ ಚೀಲ ಇಳಿಸುವಳು, ಧೂಳು ಕೊಡವಿ ಎರಡು ಜೊತೆ ಬಟ್ಟೆ ತುಂಬುವಳು, ಗಂಡನ ರಜೆಯ ಅರ್ಜಿ ವಾಪಸು ಬಂದ ದಿನ ಬಟ್ಟೆ ತೆಗೆದು ಚೀಲವನ್ನು ಮತ್ತೆ ಅಟ್ಟಕ್ಕೆ ಹಾಕುವಳು. ಅವನು ಅರ್ಜಿ ಹಾಕಿದ್ದು ಹನ್ನೊಂದು ಸಲ. ಹನ್ನೊಂದು ಸಲವೂ 'ನೋಡುವ ಉದ್ದೇಶ ಸ್ಪಷ್ಟವಾಗಿರುವುದರಿಂದ ತಿರಸ್ಕರಿಸಲಾಗಿದೆ' ಎಂಬ ಷರಾ ಬಂದಿತ್ತು.

ಮದುವೆಯಾದ ಹನ್ನೆರಡನೆಯ ವರ್ಷ ಅದೃಷ್ಟ ಖುಲಾಯಿಸಿತು. ನಿರ್ದೇಶನಾಲಯವು ಬೆಟ್ಟ ಮತ್ತು ಕರಾವಳಿಯ ಏಳು ದಿನಗಳ ರಮಣೀಯ ಪ್ರವಾಸವನ್ನು ಸಾರ್ವಜನಿಕರಿಗೆ ಒದಗಿಸಲು ತೀರ್ಮಾನಿಸಿತು. ಅದಕ್ಕೂ ಮೊದಲು ಒಂದು ಮಾದರಿ ದಂಪತಿಯನ್ನು ಆ ದಾರಿಯಲ್ಲಿ ಕಳಿಸಿ ನೋಡಬೇಕಿತ್ತು. ಅವರ ಅಚ್ಚರಿ ತಾಜಾ ಆಗಿರಬೇಕು, ಅಂದರೆ ಗಂಡ ಹೆಂಡತಿ ಇಬ್ಬರೂ ಸಮುದ್ರ ನೋಡಿರಬಾರದು ಎಂಬುದು ಷರತ್ತು. ಊರೆಲ್ಲ ಜಾಲಾಡಿದರೂ ಅಂಥ ಜೋಡಿ ಸಿಕ್ಕಿದ್ದು ಒಂದೇ, ಅದೂ ಎರಡನೇ ಮಹಡಿಯ ಮೂಲೆಯಲ್ಲಿ.

ಪ್ರವಾಸದ ಯೋಜನೆ ತಯಾರಿಸುವ ಸಭೆ ಮೂರು ದಿನ ನಡೆಯಿತು. ಗುಮಾಸ್ತ ನಕಾಶೆಯ ಮೇಲೆ ಸೀಸದಕಡ್ಡಿಯಲ್ಲಿ ದಾರಿ ಗುರುತಿಸಿಕೊಂಡು ಬಂದಿದ್ದ. ಮೊದಲ ದಿನ ಬೆಳಿಗ್ಗೆಯೇ ಸಮುದ್ರ. ಮೂರು ದಿನ ದಂಡೆಗುಂಟ ಪ್ರಯಾಣ, ನಾಲ್ಕನೇ ದಿನ ತಿರುವುಗಳ ರಸ್ತೆ ಹತ್ತುವುದು, ಉಳಿದ ಮೂರು ದಿನ ಬೆಟ್ಟ. ನಿರ್ದೇಶಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಆದ್ರೆ ಇದರಲ್ಲಿ ನನ್ನ ಭಾವಮೈದುನನ ಲಾಡ್ಜ್ ಎಲ್ಲಿ?"

"ಸಾರ್, ಅದು ದಾರೀಲಿ ಬರಲ್ಲ."

"ಲಾಡ್ಜ್ ಇದ್ದಲ್ಲೇ ಇರುತ್ತೆ ಕಣಯ್ಯಾ. ಬರಬೇಕಾದದ್ದು ದಾರಿ."

ದಾರಿ ಬಂತು. ಅಲ್ಲಿಗೆ ಸಮುದ್ರ ಮೊದಲ ದಿನದಿಂದ ಮೂರನೇ ದಿನಕ್ಕೆ ಸರಿಯಿತು. ಆಮೇಲೆ ಸೂಪರಿಂಟೆಂಡೆಂಟ್ ಮೇಡಂ ಗಂಟಲು ಸರಿಮಾಡಿಕೊಂಡರು.

"ನನ್ನ ತಂಗಿ ಕ್ಯಾಂಟೀನ್ ಹತ್ರ ಒಂದು ವೀಕ್ಷಣಾ ಸ್ಥಳ ಇಟ್ಕೊಳ್ಳೋಣ ಸಾರ್. ವರ್ಣನೆ ಹೇಗೂ ಇವರು ಬರೀತಾರೆ."

"ಅಲ್ಲಿಂದ ಏನು ಕಾಣುತ್ತೆ ಮೇಡಂ?" ಎಂದ ಗುಮಾಸ್ತ.

"ಕ್ಯಾಂಟೀನು."

ಗುಮಾಸ್ತ 'ಹಬೆಯಾಡುವ, ನಿತ್ಯನೂತನ, ಮನಮೋಹಕ' ಎಂದು ಬರೆದುಕೊಂಡ. ಮೂರೇ ವಿಶೇಷಣ. ಆಮೇಲೆ ಒಬ್ಬರ ಷಡ್ಡಕನ ಪಂಕ್ಚರ್ ಅಂಗಡಿ ಬಂತು, ಅದಕ್ಕೆಂದು ಅರ್ಧ ದಿನದ ಕಲ್ಲುರಸ್ತೆ ಸೇರಿತು. ಇನ್ನೊಬ್ಬರ ಸೋದರತ್ತೆ ಊಟದ ಮನೆ ನಡೆಸುತ್ತಿದ್ದರು, ಅದು ಬೆಟ್ಟದ ಆಚೆ ಇದ್ದದ್ದರಿಂದ ಬೆಟ್ಟವನ್ನು ಎರಡು ಸಲ ಹತ್ತಿಳಿಯುವುದೆಂದಾಯಿತು. ಗುಮಾಸ್ತ ಅಳಿಸಿ ಬರೆದು, ಅಳಿಸಿ ಬರೆದು, ನಕಾಶೆಯಲ್ಲಿ ಕಡಲಿನ ಜಾಗ ತೂತಾಗುವ ಹೊತ್ತಿಗೆ ಸಮುದ್ರ ಆರನೇ ದಿನದ ಸಂಜೆ ನಾಲ್ಕೂವರೆಗೆ ಬಂದು ನಿಂತಿತು. ಐದೂಕಾಲಿಗೆ ಅದು ಮುಗಿಯತಕ್ಕದ್ದು. ಐದೂವರೆಗೆ ನಿರ್ದೇಶಕರ ಸೊಸೆಯ ಕಪ್ಪೆಚಿಪ್ಪಿನ ಅಂಗಡಿ.

ಎಲ್ಲ ಮುಗಿದ ಮೇಲೆ ಮೇಡಂಗೆ ಒಂದು ಸಂಶಯ ಬಂತು. "ಸಾರ್, ಇವರು ಹೋದ್ರೆ ಸಮುದ್ರ ನೋಡಿಬಿಡ್ತಾರಲ್ಲ?"

ಎಲ್ಲರೂ ಗುಮಾಸ್ತನ ಕಡೆ ತಿರುಗಿದರು. ಅವನು ನಕಾಶೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದ. ನಿರ್ದೇಶಕರು ಮಾತ್ರ ವಿಚಲಿತರಾಗಲಿಲ್ಲ. ಅಷ್ಟು ದೊಡ್ಡ ಕುರ್ಚಿಯಲ್ಲಿ ಅವರು ಸುಮ್ಮನೆ ಕೂತಿದ್ದರೇ? ಎರಡೇ ನಿಮಿಷದಲ್ಲಿ ಆದೇಶ ಹೇಳಿ ಬರೆಸಿದರು. 'ಮಾದರಿ ಗಂಡನು ಏಳು ದಿನವೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರತಕ್ಕದ್ದು. ಗಂಟಿನ ಮೇಲೆ ಅರಗಿನ ಮುದ್ರೆ ಒತ್ತತಕ್ಕದ್ದು. ಮಾದರಿ ಹೆಂಡತಿಯು ಕಂಡದ್ದನ್ನು ಗಂಡನಿಗೆ ಹೇಳತಕ್ಕದ್ದಲ್ಲ. ಕಣ್ಣಿಗೆ ಕಸ ಬಿದ್ದಂಥ ತುರ್ತಿನಲ್ಲಿ ಮುದ್ರೆ ಒಡೆದು ಬಟ್ಟೆಯನ್ನು ಅರ್ಧ ಗಂಟೆ ಬಿಚ್ಚಬಹುದು. ಆ ಅರ್ಧ ಗಂಟೆಯಲ್ಲಿ ಕಂಡದ್ದನ್ನು ಕಂಡಿಲ್ಲವೆಂದು ಪರಿಗಣಿಸಲಾಗುವುದು. ಆದರೆ ಒಡೆದದ್ದನ್ನು ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿಗಳು ಸ್ಥಳದಲ್ಲೇ ಸಹಿ ಹಾಕತಕ್ಕದ್ದು. ಸಾಕ್ಷಿಗಳು ಸಂಬಂಧಿಕರಾಗಿರಬಾರದು.' ಸಂಬಂಧಿಕರು ಆಗುವುದಿಲ್ಲ ಎಂಬ ಮಾತು ಆ ಇಡೀ ಯೋಜನೆಯಲ್ಲಿ ಇದ್ದದ್ದು ಇದೊಂದೇ ಕಡೆ.

ಮನೆಗೆ ಬಂದ ಗುಮಾಸ್ತ ಆದೇಶವನ್ನು ಓದಿ ಹೇಳಿದ. ಹೆಂಡತಿ ಅಟ್ಟದ ಏಣಿ ಹತ್ತಿದವಳು ಅರ್ಧಕ್ಕೇ ನಿಂತಳು.

"ಹಾಗಾದ್ರೆ ನೀವು ನೋಡೋ ಹಾಗಿಲ್ಲ?"

"ಪೂರ್ತಿ ಕೇಳು ಮಾರಾಯ್ತಿ. ಅರ್ಧ ಗಂಟೆ ಇದೆ. ಸಮುದ್ರದ ಹತ್ರ ಮರಳು ಇದ್ದೇ ಇರುತ್ತೆ, ಕಣ್ಣಿಗೆ ಬಿದ್ದೇ ಬೀಳುತ್ತೆ. ಅಷ್ಟು ಜನ ಇರ್ತಾರೆ, ಇಬ್ಬರು ಸಹಿ ಹಾಕಲ್ವಾ?"

ಹೆಂಡತಿ ಚೀಲ ಇಳಿಸಿದಳು. ಆ ರಾತ್ರಿ ಗುಮಾಸ್ತನಿಗೆ ಖುಷಿಗೆ ಊಟವೇ ಸೇರಲಿಲ್ಲ.

ಸೋಮವಾರ ಹತ್ತೂವರೆಗೆ ಕಚೇರಿಯ ಅಂಗಳದಲ್ಲಿ, ಎಲ್ಲ ಸಿಬ್ಬಂದಿಯ ಎದುರು, ನಿರ್ದೇಶಕರು ಸ್ವಹಸ್ತದಿಂದ ಗುಮಾಸ್ತನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಮುದ್ರೆ ಒತ್ತಿದರು. ಬಿಸಿ ಅರಗು ಹಿಂದಲೆಗೆ ತಾಗಿ ಅವನು ಹಾರಿಬಿದ್ದ. ಸಿಬ್ಬಂದಿ ಚಪ್ಪಾಳೆ ತಟ್ಟಿತು. ಇಲಾಖೆಯ ಜೀಪು ಹೊರಟಿತು. ಡ್ರೈವರ್ ಹಳೆಯ ಕುಳ, ಯಾವ ಸಾಹೇಬರ ಯಾವ ನೆಂಟರು ಎಲ್ಲಿದ್ದಾರೆಂದು ನಕಾಶೆಯಿಲ್ಲದೆ ಬಲ್ಲವನು.

ಮೊದಲ ಐದು ದಿನ ಯೋಜನೆ ಅಕ್ಷರಶಃ ಪಾಲನೆಯಾಯಿತು. ಕ್ಯಾಂಟೀನನ್ನು ವೀಕ್ಷಿಸಿದರು. ಪಂಕ್ಚರ್ ಅಂಗಡಿಗೆ ಸರಿಯಾಗಿ ನೂರು ಗಜ ಮೊದಲು ಪಂಕ್ಚರ್ ಆಯಿತು. ಬೆಟ್ಟದ ತುದಿಯಲ್ಲಿ ಕಲ್ಲುಬೆಂಚುಗಳನ್ನು ಕಣಿವೆಗೆ ಬೆನ್ನು ಮಾಡಿ, ಲಾಡ್ಜಿಗೆ ಮುಖ ಮಾಡಿ ಹೂಳಿದ್ದರು. ಕೂತವರಿಗೆ ಭಾವಮೈದುನರು ಮಾಳಿಗೆಯಲ್ಲಿ ಹಲ್ಲುಜ್ಜುವುದು ಚೆನ್ನಾಗಿ ಕಾಣುತ್ತಿತ್ತು. ಹೆಂಡತಿಗೆ ಕಂಡದ್ದನ್ನು ಹೇಳುವ ಹಾಗಿಲ್ಲವಲ್ಲ, ಹಾಗಾಗಿ ಅವಳು ದಾರಿಯುದ್ದಕ್ಕೂ ಗಂಡ ಬರೆದ ಕೈಪಿಡಿಯನ್ನೇ ಅವನಿಗೆ ಓದಿ ಹೇಳುತ್ತಿದ್ದಳು. 'ಮುಗಿಲಿಗೆ ಮುತ್ತಿಡುವ, ಹಸಿರುಡುಗೆಯ, ಧೀರಗಂಭೀರ ಗಿರಿಸಾಲು.' ಗುಮಾಸ್ತ ಕಣ್ಣುಪಟ್ಟಿಯೊಳಗೇ ತಲೆದೂಗುತ್ತಿದ್ದ.

"ಆಹಾ! ಎಷ್ಟು ಚೆನ್ನಾಗಿದೆ ಅಲ್ವೇನೇ?"

ಅವಳು ಕಿಟಕಿಯಿಂದ ಹೊರಗೆ ನೋಡಿ, ಏನೋ ಹೇಳಹೋಗಿ, ಮತ್ತೆ ಪುಟ ತಿರುಗಿಸುತ್ತಿದ್ದಳು. ಪಾಪ, ಅವಳ ಹೊಟ್ಟೆಯಲ್ಲಿ ಐದು ದಿನದ ಬೆಟ್ಟ ಹಾಗೇ ಕೂತಿತ್ತು.

ಆರನೇ ದಿನ ನಾಲ್ಕೂವರೆಗೆ ಜೀಪು ದಂಡೆಯಲ್ಲಿ ನಿಂತಿತು. ಹೆಂಡತಿ ಗಂಡನ ಕೈ ಹಿಡಿದು ಮರಳಿಗಿಳಿಸಿದಳು. ಅವನ ಕಿವಿಯಲ್ಲಿ ಭೋರ್ ಎಂಬ ಸದ್ದು ತುಂಬಿತು, ಮುಖಕ್ಕೆ ಜಿಗುಟು ಗಾಳಿ ಹೊಡೆಯಿತು. ಇಪ್ಪತ್ತೆರಡು ವರ್ಷದಲ್ಲಿ ಗಾಳಿ ಜಿಗುಟೆಂದು ಅವನು ಬರೆದೇ ಇರಲಿಲ್ಲ.

ದಂಡೆಯಲ್ಲಿ ಸುಮಾರು ನಲವತ್ತು ಜನರಿದ್ದರು. ಇಲಾಖೆಯ ಜೀಪು, ಕಣ್ಣಿಗೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಕೆಂಪು ಮುದ್ರೆ ಇಷ್ಟನ್ನೂ ಅವರು ಒಟ್ಟಿಗೇ ಕಂಡರು. ಕೊಡೆ ಹಿಡಿದ ಹಿರಿಯರೊಬ್ಬರು ಡ್ರೈವರನ ಹತ್ತಿರ ಬಂದರು.

"ಏನಪ್ಪಾ ಇದು, ಹೊಸ ರೂಲ್ಸಾ?"

"ನಂಗೇನ್ ಗೊತ್ತು ಯಜಮಾನ್ರೇ. ಆಫೀಸಿಂದ ಆರ್ಡರ್ ಆಗಿದೆ."

"ಎಲ್ರಿಗೂನಾ?"

"ಇವತ್ತು ಇವರಿಗೆ. ನಾಳೆ ಯಾರಿಗೋ."

ಹಿರಿಯರು ಯೋಚಿಸಿದರು. ಸುಮ್ಮನೆ ಯಾಕೆ ರಗಳೆ ಎಂದು ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣಿಗೆ ಕಟ್ಟಿಕೊಂಡರು. ಅದನ್ನು ಕಂಡು ಪಕ್ಕದ ಸಂಸಾರ ಕಟ್ಟಿಕೊಂಡಿತು. ಕಡಲೆಕಾಯಿ ಮಾರುವವಳು ಸೆರಗು ಎಳೆದುಕೊಂಡಳು. ಈಜುತ್ತಿದ್ದವರು ದಡಕ್ಕೆ ಬಂದು ಒದ್ದೆ ಅಂಗಿ ಸುತ್ತಿಕೊಂಡರು. ಡ್ರೈವರ್ ಎರಡು ನಿಮಿಷ ತಡೆದು ನೋಡಿದ. ತಾನೂ ಇಲಾಖೆಯವನೇ, ನಾಳೆ ವರ್ಣನಾ ವಿಭಾಗಕ್ಕೆ ವರ್ಗ ಮಾಡಿದರೆ ಏನು ಗತಿ ಎಂದು ಜೀಪು ಒರೆಸುವ ಬಟ್ಟೆಯನ್ನೇ ಕಟ್ಟಿಕೊಂಡ.

ಇದಾವುದೂ ಗೊತ್ತಿಲ್ಲದ ಗುಮಾಸ್ತ ಮಾತ್ರ ಹೆಂಡತಿಯ ಕೈ ಹಿಡಿದು ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದ.

"ಹೇಗಿದೆ?" ಎಂದ ಮೆಲ್ಲಗೆ.

ಹೇಳಬಾರದೆಂದು ಅವಳಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಕಾದದ್ದು, ಅವಳಿಗೆ ತಡೆಯಲಾಗಲಿಲ್ಲ. "ನೀವು ಬರೆದ ಹಾಗೆ ಒಂಚೂರೂ ಇಲ್ಲ ರೀ!" ಎಂದಳು.

ಗುಮಾಸ್ತನಿಗೆ ಇನ್ನು ನಿಲ್ಲಲಾಗಲಿಲ್ಲ. "ಕಣ್ಣಿಗೆ ಮರಳು ಬಿತ್ತು! ತುರ್ತು! ಯಾರಾದ್ರೂ ಇಬ್ಬರು ಬನ್ನಿ, ಸಾಕ್ಷಿ ಹಾಕ್ಬೇಕು!" ಎಂದು ಕೂಗಿದ. ನಲವತ್ತು ಜನವೂ ಸದ್ದು ಬಂದ ಕಡೆ ಮುಖ ತಿರುಗಿಸಿದರು.

"ನಾವೇನೂ ನೋಡಿಲ್ಲಪ್ಪಾ," ಎಂದರು ಹಿರಿಯರು ವಿನಯದಿಂದ. "ರೂಲ್ಸ್ ಪ್ರಕಾರ ಕಟ್ಕೊಂಡಿದೀವಿ."

"ನಾನೊಬ್ಬಳು ನೋಡ್ತಿದೀನಲ್ಲ ರೀ, ನಾನು ಸಹಿ ಹಾಕ್ತೀನಿ," ಎಂದಳು ಹೆಂಡತಿ.

"ನೀನು ಸಂಬಂಧಿಕಳು ಕಣೇ," ಎಂದ ಗುಮಾಸ್ತ. ಅವನ ಕೈ ಗಂಟಿನವರೆಗೂ ಹೋಗಿ ಮುದ್ರೆಯನ್ನು ಮುಟ್ಟಿ ಮುಟ್ಟಿ ನೋಡಿ ಕೆಳಗಿಳಿಯಿತು. ಅರಗು ಒಡೆಯಲು ಒಂದು ಉಗುರು ಸಾಕಿತ್ತು.

ಹೆಂಡತಿ ಅವನನ್ನೊಮ್ಮೆ ನೋಡಿದಳು, ಸಮುದ್ರವನ್ನೊಮ್ಮೆ ನೋಡಿದಳು. ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಬಗ್ಗಿ ಬೊಗಸೆ ತುಂಬ ನೀರು ಮೊಗೆದು ಅವನ ಮುಖಕ್ಕೆ ರಪ್ಪನೆ ಎರಚಿದಳು. ಗುಮಾಸ್ತ ತುಟಿ ನೆಕ್ಕಿಕೊಂಡ.

"ಉಪ್ಪು!" ಎಂದ. ಇನ್ನೊಮ್ಮೆ ನೆಕ್ಕಿಕೊಂಡ. "ಉಪ್ಪು ಕಣೇ!" ಎಂದು ಕಣ್ಣು ಕಟ್ಟಿದ ಗಂಡಸು ನೀರಿನಲ್ಲಿ ನಿಂತು ಕುಣಿದ. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಐದೂಕಾಲಿಗೆ ಡ್ರೈವರ್ ತಡಕಾಡಿ ಹಾರ್ನ್ ಒತ್ತಿದ. ಸಮುದ್ರ ಮುಗಿಯಿತು.

ಕೆಲಸಕ್ಕೆ ಮರಳಿದ ದಿನ ಗುಮಾಸ್ತ ಕೈಪಿಡಿಯ ಕಡತ ತೆಗೆಸಿ, ಸಮುದ್ರದ ಮೂರು ವಿಶೇಷಣಗಳಲ್ಲಿ 'ಮಧುರ' ಎಂಬುದನ್ನು ಹೊಡೆದುಹಾಕಿ 'ಉಪ್ಪಾದ' ಎಂದು ಬರೆದ. ನಿರ್ದೇಶಕರು ಕರೆಸಿದರು.

"ಇದು ನಿನಗೆ ಹೇಗೆ ಗೊತ್ತಾಯ್ತು?"

"ನಾಲಿಗೆಗೆ ಗೊತ್ತಾಯ್ತು ಸಾರ್. ನಿಯಮದಲ್ಲಿ ನಾಲಿಗೆ ಇಲ್ಲ."

ನಿರ್ದೇಶಕರು ನಿಯಮಾವಳಿಯನ್ನು ಮೊದಲಿಂದ ಕೊನೆವರೆಗೆ ಓದಿದರು. ನಾಲಿಗೆ ಇರಲಿಲ್ಲ. "ಹಾಗಾದ್ರೆ ನಿನ್ನದೇನೂ ತಪ್ಪಿಲ್ಲ," ಎಂದರು. "ತಪ್ಪು ನಿಯಮದ್ದು. ತಿದ್ದುಪಡಿ ಬರಿ."

ಅಷ್ಟು ಚೆನ್ನಾಗಿ ಬರೆಯಬಲ್ಲವರು ಬೇರೆ ಯಾರಿದ್ದರು? ಗುಮಾಸ್ತನೇ ಬರೆದ. ಇನ್ನು ಮುಂದೆ ಕಣ್ಣಿನ ಜೊತೆ ಬಾಯಿಗೂ ಬಟ್ಟೆ. ಅಲ್ಲದೆ, ದಂಡೆಯಲ್ಲಿ ನಲವತ್ತು ಜನ ಸ್ವಇಚ್ಛೆಯಿಂದ ಕಣ್ಣು ಕಟ್ಟಿಕೊಂಡದ್ದು ವರದಿಯಲ್ಲಿ ದಾಖಲಾಗಿದ್ದರಿಂದ, ಸಾರ್ವಜನಿಕರ ಬೇಡಿಕೆಯ ಮೇರೆಗೆ ಎರಡೂ ಬಟ್ಟೆಗಳನ್ನು ಟಿಕೆಟ್ಟಿನ ಜೊತೆಗೇ ಕೊಡುವುದೆಂದು ತೀರ್ಮಾನವಾಯಿತು. ಬಟ್ಟೆ ಹೊಲಿಯುವ ಕೆಲಸ ಮೇಡಂ ಅವರ ನಾದಿನಿಗೆ ಹೋಯಿತು. ಪ್ರವಾಸ ಭರ್ಜರಿಯಾಗಿ ನಡೆದಿದೆ. ಹೋಗಿಬಂದವರು ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಮಕ್ಕಳೂ ಗಲಾಟೆ ಮಾಡುವುದಿಲ್ಲ ಎನ್ನುತ್ತಾರೆ. ಮುಂದಿನ ಮೂರು ತಿಂಗಳಿಗೆ ಜಾಗವಿಲ್ಲ.

ತಿದ್ದುಪಡಿಗೆ ಸಹಿಯಾದ ಸಂಜೆ ಗುಮಾಸ್ತ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ. ಹೆಂಡತಿ ಪೂರ್ತಿ ಕೇಳಿಸಿಕೊಂಡು, ತಟ್ಟೆ ಹಾಕಿ ಬಡಿಸಿದಳು. ನೀಲಿ ಚೀಲ ಅಟ್ಟಕ್ಕೆ ಹೋಗಿರಲಿಲ್ಲ. ಬಾಗಿಲ ಬಳಿ ಗೂಟದಲ್ಲಿ ತೂಗುತ್ತಿತ್ತು, ಟೌನ್ ಬಸ್ಸಿನ ವೇಳಾಪಟ್ಟಿ ಅದರಿಂದ ಇಣುಕುತ್ತಿತ್ತು. ಗುಮಾಸ್ತ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದ.

"ಉಪ್ಪೇ ಇಲ್ವಲ್ಲೇ ಇದಕ್ಕೆ?"

"ಅನುಮತಿ ಇದೆಯಾ?" ಎಂದಳು ಹೆಂಡತಿ.

ಗುಮಾಸ್ತ ಒಂದು ಕ್ಷಣ ಯೋಚಿಸಿದ. ಅವಳು ಹೇಳಿದ್ದು ಸರಿಯೆನಿಸಿತು. ಎಡಗೈಯಲ್ಲಿ ಜೇಬು ತಡವಿ ಪೆನ್ನು ತೆಗೆದು, ಅರ್ಜಿ ಬರೆಯಲು ಕಾಗದ ಕೇಳಿದ.