ಲ್ಯಾಮಿನೇಷನ್ ಆದ ಸಿಂಗಾಪುರ

ಸಿಂಗಾಪುರ ಪ್ರಯಾಣದ ತಯಾರಿಯಲ್ಲಿ ಗಂಡನಿಂದ ಸೂಜಿಮೊನೆಯಷ್ಟು ಸಹಾಯವನ್ನೂ ಕೇಳುವುದಿಲ್ಲ ಎಂದು ಶ್ರಾವ್ಯಾ ತನ್ನ ಡೈರಿಯಲ್ಲಿ ಕೆಂಪು ಪೆನ್ನಿನಿಂದ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದಳು. ಗೆರೆಗಳು ನೇರವಾಗಿಯೇ ಬಂದವು. ಅಲ್ಲಿಂದ ಮುಂದೆ ಯಾವುದೂ ನೇರವಾಗಿ ಬರಲಿಲ್ಲ!

ಬಾಂದ್ರಾದ ಆಫೀಸು ಅವಳನ್ನು ನಾಲ್ಕು ದಿನದ ತರಬೇತಿಗೆಂದು ಮೊದಲ ಬಾರಿ ವಿದೇಶಕ್ಕೆ ಕಳಿಸುತ್ತಿತ್ತು. ಪಾಸ್‌ಪೋರ್ಟು, ವೀಸಾ, ಇಸ್ತ್ರಿ ಮಾಡಿದ ಬಟ್ಟೆ ಎಲ್ಲ ಸಿದ್ಧ. ಉಳಿದದ್ದು ಒಂದೇ ಚಿಂತೆ, ಎರಡೂವರೆ ವರ್ಷದ ಮಗ ಸೃಜನ್. ಅಮ್ಮನ ಮುಖ ನೋಡದೆ, ಅಮ್ಮನ ಬಾಯಿಂದ ಕಾಗೆಯ ಕತೆ ಕೇಳದೆ ಮಧ್ಯಾಹ್ನ ಒಂದು ತುತ್ತನ್ನೂ ನುಂಗದ ಮಹಾಶಯ. ಅಜ್ಜಿ ತಿನ್ನಿಸಹೋದರೆ ಅನ್ನವನ್ನು ಕೆನ್ನೆಯೊಳಗೆ ಠೇವಣಿ ಇಟ್ಟು ಅರ್ಧ ಗಂಟೆ ಕೂರಬಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸಿಂಗಾಪುರದಿಂದ ಚೆಂಬೂರಿನ ಮನೆಗೆ ವಿಡಿಯೊ ಕಾಲ್ ಬರಲೇಬೇಕು. ಬಾರದಿದ್ದರೆ ಮಗು ಉಪವಾಸ!

"ರೋಮಿಂಗ್ ಹಾಕಿಸ್ಕೋ ಮಾರಾಯ್ತಿ, ತಲೆನೋವಿಲ್ಲ," ಎಂದ ಗಂಡ ಮನೀಶ್.

"ಅದೆಲ್ಲ ಹಳೇ ಕಾಲದವರಿಗೆ. ನಾನು ಇ-ಸಿಮ್ ತಗೊಂಡಾಯ್ತು!"

ಅತ್ತೆ ವಸಂತಿ ಬಸಳೆ ಸೋಸುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಎಂತ ಸಿಮ್ಮು? ಎಲ್ಲಿ ತೋರಿಸು."

"ತೋರಿಸ್ಲಿಕ್ಕೆ ಆಗುದಿಲ್ಲ ಅತ್ತೆ. ಅದು ಕಣ್ಣಿಗೆ ಕಾಣುದಿಲ್ಲ. ಒಂದು ಕ್ಯೂಆರ್ ಕಳಿಸ್ತಾರೆ, ಸ್ಕ್ಯಾನ್ ಮಾಡಿದ್ರೆ ಸಿಮ್ಮು ಫೋನಿನ ಒಳಗೇ ಹುಟ್ತದೆ. ಹೊರುದು ಬೇಡ, ಹಿಡಿಯುದು ಬೇಡ, ಪಿನ್ನು ಚುಚ್ಚುದು ಬೇಡ!"

"ದುಡ್ಡು ಕೊಟ್ಟಿದ್ದೀಯಾ?"

"ಕೊಡದೆ ಮತ್ತೆ?"

"ಅದಾದ್ರೂ ಕಣ್ಣಿಗೆ ಕಾಣ್ತಿತ್ತಾ?"

ಶ್ರಾವ್ಯಾ ಪೆಟ್ಟಿಗೆ ತುಂಬತೊಡಗಿದಳು. ಹೊಸ ಯುಗದ ಹರಿಕಾರರು ಬಸಳೆ ಸೋಸುವವರ ಜೊತೆ ವಾದಕ್ಕಿಳಿಯಬಾರದು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಕ್ಯೂಆರ್ ಬಂತು. ಬಂದದ್ದು ಅವಳ ಫೋನಿಗೆ, ಸ್ಕ್ಯಾನ್ ಮಾಡಬೇಕಾದದ್ದೂ ಅದೇ ಫೋನು. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಅದನ್ನು ಅತ್ತೆಯ ಫೋನಿಗೆ ಕಳಿಸಿ, ಅಲ್ಲಿಂದ ಸ್ಕ್ಯಾನ್ ಮಾಡಿ ಮುಗಿಸುತ್ತಿದ್ದರು. ಆದರೆ ಶ್ರಾವ್ಯಾಳಿಗೆ ಯಾವುದೂ ಕಾಗದದ ಮೇಲೆ ಬಂದರೇ ನಂಬಿಕೆ. ಮಗನ ಲಸಿಕೆಯ ಚೀಟಿ, ಅವನು ಮೊದಲು ಹತ್ತಿದ ಲೋಕಲ್ ಟ್ರೇನಿನ ಟಿಕೆಟ್ಟು, ಮೊದಲ ಕ್ಷೌರದ ನಾಲ್ಕು ಕೂದಲು ಎಲ್ಲವೂ ಡೈರಿಗೆ ಅಂಟಿವೆ. ಮೊದಲ ಇ-ಸಿಮ್ ಅಂಟದಿದ್ದರೆ ಹೇಗೆ? ಪ್ರಿಂಟ್ ಬೇಕು!

ಗಂಡನನ್ನು ಕೇಳುವಂತಿಲ್ಲ, ಎರಡು ಗೆರೆ ಎಳೆದಾಗಿದೆ. ಆದ್ದರಿಂದ ಅವಳು ಸ್ಟೇಷನ್ ಪಕ್ಕದ ಗಂಡನ ಹೋಟೆಲಿನ ಫೋನಿಗೆ ನೇರವಾಗಿ ಕ್ಯೂಆರ್ ಕಳಿಸಿದಳು. ಆ ಫೋನು ಇರುವುದು ಇಪ್ಪತ್ತೆರಡು ವರ್ಷದಿಂದ ಕೌಂಟರ್ ಕಾಯುತ್ತಿರುವ ಕೊರಗಣ್ಣನ ಕೈಯಲ್ಲಿ. ಜೊತೆಗೆ ಎರಡೇ ಸಾಲು: "ಕೊರಗಣ್ಣ, ಇದನ್ನು ಚಂದ ಪ್ರಿಂಟ್ ತೆಗೆಸಿ. ಎಣ್ಣೆ ಕೈ ತಾಗಬಾರದು."

ಇಲ್ಲೊಂದು ಇತಿಹಾಸವುಂಟು. ಹೋಟೆಲಿನ ಕೌಂಟರಿನಲ್ಲಿದ್ದ ಹಣ ಕಟ್ಟುವ ಕ್ಯೂಆರ್ ಮೇಲೆ ಸಾಂಬಾರು ಚೆಲ್ಲಿ ಒಂದು ತಿಂಗಳಾಗಿತ್ತು. ಹೊಸದು ಮಾಡಿಸಿ ಎಂದು ಕೊರಗಣ್ಣ ದಿನಾ ಹೇಳುತ್ತಿದ್ದ, ಮನೀಶ್ ದಿನಾ ಮರೆಯುತ್ತಿದ್ದ. ಈಗ ಧಣಿಗಳ ಹೆಂಡತಿಯೇ ಕಳಿಸಿದ್ದಾರೆ! ಅದೂ ಎಣ್ಣೆಯ ಎಚ್ಚರಿಕೆಯ ಸಮೇತ! ಕೊರಗಣ್ಣನ ಕಣ್ಣು ತುಂಬಿ ಬಂತು. ಪ್ರಿಂಟ್ ತೆಗೆಸಿದ, ಲ್ಯಾಮಿನೇಷನ್ ಮಾಡಿಸಿದ, ಹಳೆಯದನ್ನು ಕಿತ್ತು ಎಸೆದು ಕೌಂಟರಿನ ನಟ್ಟನಡುವೆ ನಿಲ್ಲಿಸಿದ.

ಒಂಬತ್ತೂವರೆಗೆ ಮನೀಶನ ಫೋನು ಬಂತು.

"ಶ್ರಾವ್ಯಾ! ನೀನು ಕೊರಗಣ್ಣನಿಗೆ ಎಂತದು ಕಳಿಸಿದ್ದು? ತಿಂದವರದ್ದು ಒಬ್ಬರದ್ದೂ ಪೇಮೆಂಟ್ ಆಗ್ತಾ ಇಲ್ಲ! ಲೈನು ಫುಟ್‌ಪಾತಿಗೆ ಹೋಗಿದೆ!"

ಅವಳು ಸೃಜನನನ್ನು ಸೊಂಟಕ್ಕೇರಿಸಿ ಓಡಿದಳು. ಹೋಟೆಲಿನಲ್ಲಿ ಜಾತ್ರೆಗೂ ಮಿಗಿಲಾದ ಗದ್ದಲ. ಇಪ್ಪತ್ತು ಜನ ಇಪ್ಪತ್ತು ಫೋನುಗಳನ್ನು ಆ ಹಾಳೆಯ ಮುಂದೆ ಆರತಿಯಂತೆ ಎತ್ತುತ್ತಿದ್ದರು. ಕೊರಗಣ್ಣ ಸ್ಟೂಲಿನ ಮೇಲೆ ನಿಂತು "ಲೈನ್ ಮೇ ಆವೋ! ಸಬ್ ಲೈನ್ ಮೇ!" ಎಂದು ಎಲ್ಲರನ್ನೂ ಸಾಲಿಗೆ ಕರೆಯುತ್ತ ಕೂಗುತ್ತಿದ್ದ.

"ಕೊರಗಣ್ಣ! ಅದು ನನ್ನ ಸಿಂಗಾಪುರದ ಸಿಮ್ಮು!"

"ನೀವೇ ಹೇಳಿದ್ದಲ್ವಾ ಅಕ್ಕ, ಎಣ್ಣೆ ಕೈ ತಾಗ್ಬಾರ್ದು ಅಂತ? ಅದಕ್ಕೇ ಲ್ಯಾಮಿನೇಷನ್. ಎರಡೂ ಬದಿಗೆ ಮಾಡಿಸಿದ್ದೇನೆ!"

ಹೋಗಲಿ, ಹಾಳೆಯೇನೋ ಸಿಕ್ಕಿತಲ್ಲ! ಶ್ರಾವ್ಯಾ ಫೋನು ತೆಗೆದು ಅಲ್ಲೇ ಸ್ಕ್ಯಾನ್ ಮಾಡಿದಳು. ಈ ಕೋಡ್ ಈಗಾಗಲೇ ಬಳಕೆಯಾಗಿದೆ ಎಂದಿತು ಫೋನು. ಇ-ಸಿಮ್ ಕೊಟ್ಟ ಕಂಪನಿಗೆ ಸಂದೇಶ ಕಳಿಸಿದಳು. ಅರ್ಧ ನಿಮಿಷದಲ್ಲಿ ಉತ್ತರ: ಅಭಿನಂದನೆಗಳು, ನಿಮ್ಮ ಸಿಮ್ ಯಶಸ್ವಿಯಾಗಿ ಅಳವಡಿಕೆಯಾಗಿದೆ, ಇನ್ನು ಬೇರೆ ಫೋನಿಗೆ ಹೋಗದು, ಶುಭ ಪ್ರಯಾಣ!

"ಯಾರ ಫೋನಲ್ಲಿ ಅಳವಡಿಕೆಯಾಯ್ತು?" ಎಂದು ಅವಳು ಕಿರುಚುವುದಕ್ಕೂ, ಮೂಲೆಯ ಟೇಬಲಿನಿಂದ ತೌಸಿಫ್ ಕೈಯೆತ್ತುವುದಕ್ಕೂ ಸರಿಹೋಯಿತು. ತೌಸಿಫ್ ವಿಜಯಪುರದ ಕಡೆಯವನು, ಎದುರು ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ದಿನಾ ಬೆಳಿಗ್ಗೆ ಇಲ್ಲಿಯದೇ ಉಪ್ಪಿಟ್ಟು.

"ಭಾಬಿ, ಗಾಬರಿ ಆಗಬ್ಯಾಡ್ರಿ. ಪೇಮೆಂಟ್ ಆಗವಲ್ದು ಅಂತ ನಾ ಸುಮ್ನ ಕ್ಯಾಮೆರಾದಾಗ ಹಿಡಿದೆ. ಅದು ಏನೋ ಕೇಳ್ತು, ಹೂಂ ಅಂದೆ. ಮತ್ತ ಕೇಳ್ತು, ಮತ್ತ ಹೂಂ ಅಂದೆ. ಏನ್ ಬಂದ್ರೂ ಒತ್ತಿ ನೋಡೋದು ನಮ್ಮ ಧಂಧಾ ಅಲ್ಲೇನ್ರಿ? ಉಪ್ಪಿಟ್ಟಿನ ರೊಕ್ಕ ಹೋಗಲಿಲ್ಲ, ಸಿಂಗಾಪುರ ಬಂತ ನೋಡ್ರಿ!"

"ಇನ್ನೊಂದು ತಗೊಂಡ್ರೆ ಆಯ್ತಲ್ಲ," ಎಂದ ಮನೀಶ್ ಮೆಲ್ಲಗೆ.

"ತಗೊಳ್ಳುದಿಲ್ಲ! ಕೊಂಡದ್ದು ನನ್ನದು, ಅದನ್ನೇ ಉಪಯೋಗಿಸುದು!" ಬೆಂಕಿ ಬಿದ್ದರೂ ಶ್ರಾವ್ಯಾಳ ಹೆಮ್ಮೆ ಸುಡುವ ಜಾತಿಯದಲ್ಲ.

"ಹಂಗಾರ ಈ ಫೋನೇ ಒಯ್ರಿ ಭಾಬಿ," ಎಂದ ತೌಸಿಫ್. "ಇದು ಅಂಗಡಿಯ ಟೆಸ್ಟಿಂಗ್ ಫೋನ್. ಇದರಾಗ ಹಾಟ್‌ಸ್ಪಾಟ್ ಹಚ್ಚಿದ್ರ ನಿಮ್ಮ ಫೋನಿಗೆ ನೆಟ್ ಬರ್ತೈತಿ. ನಾಲ್ಕ ದಿನ ತಾನ?"

ಇಟ್ಟಿಗೆಯಷ್ಟು ದಪ್ಪದ, ಮೂಲೆ ಒಡೆದ ಫೋನು. ಪರದೆಯ ಮೇಲೆ ಮುಂದಿನ ಹಲ್ಲು ಬಿದ್ದ ಅವನ ಮಗಳು ಬುಷರಾ ನಗುತ್ತಿದ್ದಳು. ಆ ನಗು ನೋಡಿ ಶ್ರಾವ್ಯಾ ಬೇಡವೆನ್ನಲಾರದೆ ಹೋದಳು. "ತೌಸಿಫ್ ಭಾಯ್, ಬುಷರಾಳಿಗೆ ಚಾಕಲೇಟು ತರ್ತೇನೆ," ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ಮನೀಶ್ ಕಸದ ಬುಟ್ಟಿಯಿಂದ ಸಾಂಬಾರಿನ ಕ್ಯೂಆರನ್ನು ಹುಡುಕಿ, ಒರೆಸಿ, ಸ್ವಸ್ಥಾನದಲ್ಲಿ ಇಟ್ಟಿದ್ದ. ಕೌಂಟರಿನ ಸ್ಪೀಕರ್ ಡಬ್ಬಿ ಒಂದೊಂದು ಪೇಮೆಂಟಿಗೂ ಟಿಂಗ್ ಎಂದು "ಪ್ರಾಪ್ತ್ ಹುಏ" ಎಂದು ಹಣ ಬಂದದ್ದನ್ನು ಸಾರತೊಡಗಿತು. ಸೃಜನ್ ಬಾಯಿ ತೆರೆದು ಅದನ್ನೇ ನೋಡುತ್ತಿದ್ದ. ಕೆಲಸಕ್ಕೆ ಬಾರದ ಸಿಂಗಾಪುರದ ಹಾಳೆಯನ್ನು ಎದೆಗವುಚಿಕೊಂಡವನು ಮನೆಗೆ ಬಂದರೂ ಬಿಡಲಿಲ್ಲ. ಡೈರಿಗೆ ಅಂಟಿಸುವ ಆಸೆಯನ್ನು ತಾಯಿ ನುಂಗಿಕೊಂಡಳು.

ಮರುದಿನ ವಿಮಾನಕ್ಕೆಂದು ಮನೆಯಿಂದ ಹೊರಡುವಾಗ ವಸಂತಿ ಅವಳ ಕೈಚೀಲವನ್ನು ಎತ್ತಿ ನೋಡಿದರು. "ಹೊರುದು ಬೇಡ, ಹಿಡಿಯುದು ಬೇಡ ಅಂದಿದ್ದಿ. ಕಾಣದ ಸಿಮ್ಮಿಗೆ ಒಳ್ಳೆ ಭಾರ ಉಂಟಲ್ಲ ಮಗಾ!"

ಆದರೇನು? ಸಿಂಗಾಪುರದಲ್ಲಿ ಇಳಿದೊಡನೆ ತೌಸಿಫನ ಇಟ್ಟಿಗೆ ಐದು ನಿಮಿಷದಲ್ಲಿ ಜೀವ ತಳೆಯಿತು. ಅವಳ ಫೋನಿಗೆ ಇಂಟರ್ನೆಟ್ಟು ಹೊಳೆಯಂತೆ ಹರಿಯಿತು! ಶ್ರಾವ್ಯಾ ತಲೆಯೆತ್ತಿ ನಡೆದಳು. ಮರುದಿನ ಅಲ್ಲಿಯ ಮೂರೂವರೆಗೆ ಚಹಾದ ಬಿಡುವು. ಚೆಂಬೂರಿನಲ್ಲಿ ಸರಿಯಾಗಿ ಒಂದು ಗಂಟೆ. ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ತನ್ನ ಫೋನು ಹಿಡಿದು, ಹಸಿದು ಕೂತಿರುವ ಕಂದನನ್ನು ನೆನೆದು ಕರೆ ಮಾಡಿದಳು. ಒಂದೇ ರಿಂಗಿಗೆ ಸಿಕ್ಕಿತು. ಚಿತ್ರ ಕನ್ನಡಿಯಷ್ಟು ಸ್ಪಷ್ಟ.

"ಒಂದೂರಲ್ಲಿ ಒಂದು ಕಾಗೆ ಇತ್ತಂತೆ ಪುಟ್ಟಾ..."

ಯಾರೂ ಕೇಳಿಸಿಕೊಳ್ಳಲಿಲ್ಲ. ಬೋರಲು ಹಾಕಿದ ಅಕ್ಕಿಡಬ್ಬಿಯ ಹಿಂದೆ ಸೃಜನ್ ಧಣಿಯಂತೆ ಕೂತಿದ್ದ. ಡಬ್ಬಿಯ ಮೇಲೆ ಆ ಲ್ಯಾಮಿನೇಷನ್ ಹಾಳೆ ಠೀವಿಯಿಂದ ನಿಂತಿತ್ತು. ವಸಂತಿ ಅನ್ನದ ಚಮಚವನ್ನು ಹಾಳೆಗೆ ತೋರಿಸುತ್ತಿದ್ದರು. ಮಗು "ಟಿಂಗ್! ಪಾಪ್ತ್ ಹುಏ!" ಎಂದು ಕೂಗಿ ಬಾಯಿ ತೆರೆದು ಗುಳುಂ ಮಾಡುತ್ತಿತ್ತು. ಮತ್ತೊಂದು ಚಮಚ. ಮತ್ತೆ ಟಿಂಗ್!

"ನಿನ್ನ ಸಿಮ್ಮು ಇಲ್ಲಿ ಫಸ್ಟ್ ಕ್ಲಾಸ್ ಕೆಲಸ ಮಾಡ್ತಾ ಉಂಟು ಶ್ರಾವ್ಯಾ," ಎಂದರು ವಸಂತಿ. "ನೆಟ್ಟೂ ಬೇಡ, ಎಂತದೂ ಬೇಡ. ಸೃಜನ್, ಅಮ್ಮ ಬಂದಿದ್ದಾಳೆ ನೋಡು."

ಸೃಜನ್ ತಲೆಯೆತ್ತಿದ. ಅಮ್ಮನನ್ನು ಕಂಡ. ಮುಖ ಅರಳಿತು. ಆಮೇಲೆ ವ್ಯಾಪಾರ ನೆನಪಾಗಿ ಥೇಟ್ ಕೊರಗಣ್ಣನಂತೆ ಕೈಯೆತ್ತಿದ.

"ಅಮ್ಮಾ! ಲೈನ್ ಮೇ ಆವೋ!"

ಎರಡು ಫೋನು ಹಿಡಿದ ಶ್ರಾವ್ಯಾ ಸಿಂಗಾಪುರದಲ್ಲಿ ಲೈನಿನಲ್ಲಿ ನಿಂತಳು. ಅವಳ ಸರದಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.