ಬಾವಿಯ ಬಾಣಂತನ

ರಶ್ಮಿ, ಚೇತನ, ನಿಮ್ಮ ತಾತನ ಅಕ್ಕನಿಗೆ ಬುದ್ಧಿ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ತಾತ ಇದ್ದಾಗ ಒಮ್ಮೆ ಕೇಳಿದ್ದೆ. ಪೇಪರಿನಿಂದ ತಲೆ ಎತ್ತದೆ, "ನಂಗೂ ಗೊತ್ತಿಲ್ಲ ಕಣೇ, ಚಿಕ್ಕಂದಿನಿಂದ ಯೋಚಿಸ್ತಾ ಇದೀನಿ" ಎಂದಿದ್ದರು.

ಆಗ ನಾವು ವಿಜಯನಗರದಲ್ಲಿದ್ದೆವು. ತಾತನ ಆ ಅಕ್ಕ, ಅಂದರೆ ನನ್ನ ಅತ್ತಿಗೆ, ಅವರ ಯಜಮಾನರು ನಮ್ಮ ಜೊತೆಗೇ. ನಿಮ್ಮ ಅಮ್ಮ ತೊಟ್ಟಿಲ ಕೂಸು. ನಲ್ಲಿಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು, ಬೀದಿಗೆಲ್ಲ ಮೂಲೆಯ ಹಳೇ ಬಾವಿಯೇ ಗತಿ. ಕಸ ಎಸೆಯುವುದೂ ಅದಕ್ಕೇ! ನೀರು ನಾರತೊಡಗಿತು. ಕಾರ್ಪೊರೇಷನ್ ಆಫೀಸಿನವರು ಮೂಗು ಮುಚ್ಚಿಕೊಂಡು ಬಂದು ನೋಡಿ, ಹೀಗೇ ಇದ್ದರೆ ಮಣ್ಣು ತುಂಬಿಸಿ ಮುಚ್ಚುತ್ತೇವೆ ಎಂದು ಹೇಳಿ ಹೋದರು. ಕೂಸಿನ ಮನೆಗೆ ನೀರೆಲ್ಲಿಂದ ತರುವುದು?

ಅತ್ತಿಗೆ ಮರುದಿನವೇ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿದರು. ಗಂಗಮ್ಮ ಕೂತಲ್ಲಿ ಕಸ ಹಾಕುವವರುಂಟೇ? ಯಾರೂ ಹಾಕಲಿಲ್ಲ. ಹೂವು ಹಾಕಿದರು, ಬಾಳೆಹಣ್ಣು ಹಾಕಿದರು, ಮನೆಯಲ್ಲಿ ಒಡೆದಿದ್ದ ದೇವರ ಪಟಗಳನ್ನೆಲ್ಲ ತಂದು ಕೈಮುಗಿದು ಮುಳುಗಿಸಿದರು. ನೀರು ಮೊದಲಿಗಿಂತ ಕೆಟ್ಟಿತು. ಪೂಜೆ ಮಾಡಿದ್ದು ಸರಿಯೋ ತಪ್ಪೋ, ನನಗಂತೂ ತಲೆ ಕೆಟ್ಟಿತು.

ಅತ್ತಿಗೆ ಅದನ್ನೆಲ್ಲ ಎತ್ತಿಸಿದರು. ಕೆಂಗೇರಿ ಕೆರೆಗೆ ಹೋಗಿ, ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳನ್ನು ಕೊಡದಲ್ಲಿ ತುಂಬಿಕೊಂಡು ಬಸ್ಸು ಹತ್ತಿದರು.

"ಕೊಡದಲ್ಲಿ ಏನಮ್ಮಾ?" ಎಂದ ಕಂಡಕ್ಟರ್.

"ಡ್ಯೂಟಿಗೆ ಹೋಗ್ತಿರೋರು ಕಣಪ್ಪಾ. ಸೀಟು ಕೇಳಲ್ಲ ಬಿಡು."

ಮೀನು ಮರಿ ಹಾಕಿದ ದಿನ ಮನೆಮನೆಗೂ ಹೋಗಿ ಸಾರಿದರು: "ಗಂಗಮ್ಮ ಹೆತ್ತಿದಾಳೆ. ಬಾಣಂತಿ. ಹೂವು, ಹಣ್ಣು ಏನೂ ಹಾಕಬೇಡಿ, ಪಥ್ಯ."

ಎದುರುಮನೆಯ ಲಕ್ಷ್ಮಮ್ಮನಿಗೆ ಅನುಮಾನ. "ಮೆಣಸಿನ ಸಾರೂ ಬೇಡ್ವಾ?"

"ಬೇಡ."

"ಎಲ್ಲೀವರೆಗೂ?"

"ಮರಿಗಳು ಮರಿ ಹಾಕೋವರೆಗೂ."

"ಆಮೇಲೆ?"

"ಆಮೇಲೆ ಅವು ಬಾಣಂತಿ ಕಣೇ."

ನಗಬೇಕೋ ನಂಬಬೇಕೋ? ಆದರೆ ಬಾಣಂತಿ ಎಂದ ಮೇಲೆ ನಮ್ಮ ಬೀದಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರದಿಯಲ್ಲಿ ಕಾವಲು ಕೂತರು. ಕಟ್ಟೆಯ ಮೇಲೆ ಪಾತ್ರೆ ಬೆಳಗಲು ಬಂದವರನ್ನು ಅಟ್ಟಿದರು. ಆಫೀಸಿನವರು ಮತ್ತೆ ಬಂದಾಗ ಲಕ್ಷ್ಮಮ್ಮನೇ ಅಡ್ಡ ನಿಂತಳು: "ಚಪ್ಪಲಿ ಬಿಟ್ಟು ಬನ್ನಿ ಸಾರ್, ಬಾಣಂತಿ ಕೋಣೆ." ಅವರು ಕಕ್ಕಾಬಿಕ್ಕಿಯಾಗಿ ಚಪ್ಪಲಿ ಬಿಟ್ಟು, ಬಗ್ಗಿ ನೋಡಿದರು. ನೀರು ತಿಳಿಯಾಗಿ ತಳ ಕಾಣುತ್ತಿತ್ತು. ಮಣ್ಣಿನ ಮಾತೆತ್ತದೆ ಹೊರಟುಹೋದರು.

ಆ ಸಂಜೆ ಹೆಂಗಸರೆಲ್ಲ ಅಕ್ಕಿ, ಬೆಲ್ಲ, ಕೊಬ್ಬರಿ ಹಿಡಿದು ನಮ್ಮ ಮನೆಗೆ ಬಂದರು. ಕೂಸಿನ ತಾಯಿ ನಾನಲ್ಲವೇ? ಮಣೆ ಹಾಕಿಕೊಂಡು ಕೂತೆ.

"ನಿಂಗಲ್ಲ, ಏಳವ್ವ" ಎಂದ ಲಕ್ಷ್ಮಮ್ಮ ಅತ್ತಿಗೆಯನ್ನು ಎಳೆದು ಕೂರಿಸಿದಳು. "ಬಾಣಂತನ ಮಾಡಿದ ತಾಯಿಗೆ ಮಡಿಲು ತುಂಬಬೇಡ್ವಾ?"

ಅತ್ತಿಗೆಗೆ ಮಕ್ಕಳಿರಲಿಲ್ಲ. ಯಾರ ಮನೆಯಲ್ಲಿ ಮಡಿಲು ತುಂಬಿದರೂ ಅವರು ಅಡುಗೆಮನೆಯಿಂದ ಈಚೆ ಬರುತ್ತಿರಲಿಲ್ಲ. ಎಲ್ಲರ ಮಾತಿಗೂ ಉತ್ತರವಿದ್ದ ಹೆಂಗಸು "ನನಗಾ?" ಎಂದವರೇ, ಸೆರಗು ಹೇಗೆ ಒಡ್ಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು. ನಾನು ಪಕ್ಕದಲ್ಲಿ ಕೂತು ಸೆರಗು ಹಿಡಿದುಕೊಟ್ಟೆ.

ಆ ನೀರು ಕುಡಿದೇ ನಿಮ್ಮ ಅಮ್ಮ ಬೆಳೆದಳು. ಅತ್ತಿಗೆಯನ್ನು ನೆನೆಯಲು ನಾವಲ್ಲದೆ ಇನ್ನಾರೂ ಇಲ್ಲ. ಈ ಹಾಳೆಗಳನ್ನು ನೀರು ತಾಗದ ಕಡೆ ಎತ್ತಿಡಿ, ಮಕ್ಕಳೇ.