ಹದಿನೆಂಟನೆಯ ಅಲರ್ಜಿ

ಅಳತೆಯನ್ನೇ ಕಸುಬು ಮಾಡಿಕೊಂಡವನನ್ನು ಕೆಟ್ಟ ಅಳತೆಗಳು ಹುಡುಕಿಕೊಂಡು ಬರುತ್ತವೆ. ಪೀಣ್ಯದ ಕಾರ್ಖಾನೆಯಲ್ಲಿ ನಾನು ತಯಾರಾದ ಪೀಸುಗಳನ್ನು ಅಳೆದು ನೋಡೋ ಇನ್‌ಸ್ಪೆಕ್ಟರ್ ಆಗಿದ್ದೆ. ಎಪ್ಪತ್ತರ ದಶಕದ ಈ ಅಳತೆ ನೆನೆದರೆ ಈಗಲೂ ಮೈ ಉರಿಯುತ್ತೆ. ರಿಟೈರ್ ಆದಮೇಲೆ ಉರಿದುಕೊಳ್ಳೋದೂ ಒಂದು ಸುಖ ಬಿಡಿ!

೧. ಬೆನ್ನು

ಮೈಯೆಲ್ಲ ತುರಿಕೆ. ಅಲರ್ಜಿ ಡಾಕ್ಟರು ನನ್ನ ಬೆನ್ನ ಮೇಲೆ ಹದಿನೇಳು ಪದಾರ್ಥಗಳ ರಸ ಹನಿಸಿ, ಒಂದೊಂದನ್ನೂ ಸೂಜಿಯಿಂದ ಚುಚ್ಚಿದರು. ದದ್ದು ಎದ್ದರೆ ಆ ಪದಾರ್ಥ ಆಗೋದಿಲ್ಲ ಅಂತ ಲೆಕ್ಕ. ಹದಿನೇಳೂ ಎದ್ದವು! ರಾಗಿ, ಅಕ್ಕಿ, ತೊಗರಿ, ತೆಂಗು... ಕೊನೆಗೆ ಅವರೆಕಾಳು. ಅದೂ ಅವರೆಕಾಯಿ ಕಾಲದಲ್ಲಿ, ಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯೋ ದಿನ!

"ಎಲ್ಲ ಬಿಟ್ಬಿಡಿ," ಅಂತ ಡಾಕ್ಟರು ಪಟ್ಟಿ ಬರೆದುಕೊಟ್ಟರು.

ಹೆಂಡತಿ ಪಟ್ಟಿ ಓದಿದಳು. "ಸದ್ಯ! ನಿಮಗೋಸ್ಕರ ಇನ್ಮೇಲೆ ಒಲೆ ಹಚ್ಚೋದೇ ಬೇಡ."

೨. ಕ್ಯಾಂಟೀನ್

ಮೂರು ವಾರ ಬೇಯಿಸಿದ ಸೋರೆಕಾಯಿ ತಿಂದೆ. ಹೊಟ್ಟೆ ಇಳೀತು, ತುರಿಕೆ ಇಳೀಲಿಲ್ಲ. ಮುದ್ದೆ ಮುರಿಯುತ್ತ ಎದುರು ಕೂತಿದ್ದ, ಪಕ್ಕದ ಹಳ್ಳಿಯ ಟರ್ನರ್ ಕೇಳಿದ:

"ಯಾಕ್ಸಾರ್ ಇಂಗಾಗೋದ್ರಿ?"

ಡಾಕ್ಟರನ್ನು ಬೈಯುತ್ತಲೇ ಕಥೆಯೆಲ್ಲ ಹೇಳಿದೆ.

"ನಾನು ಮಾಡಿದ ಹದಿನೇಳು ಪೀಸೂ ತಪ್ಪು ಅಂತ ನಿಮ್ಮ ಅಳತೆ ಗೇಜು ತೋರಿಸಿದ್ರೆ ಏನ್ ಮಾಡ್ತೀರಾ ಸಾರ್?"

"ಮೊದಲು ನಿನ್ನ ಬೈತೀನಿ. ಆಮೇಲೆ ಗೇಜು ಸರಿಯಿದೆಯಾ ನೋಡ್ತೀನಿ."

"ಡಾಕ್ಟ್ರನ್ನ ಬೈದಾಯ್ತಲ್ಲ, ಇನ್ನು ಗೇಜು ನೋಡೋಗಿ!"

೩. ಮುಚ್ಚಳ

ಮಾರನೇ ದಿನವೇ ಡಾಕ್ಟರ ಮುಂದೆ ಕೂತೆ. "ಏನೂ ಬೆರೆಸದೆ ಬರೀ ನೀರು ಹಾಕಿ ಚುಚ್ಚಿ. ನಿಮ್ಮ ಪರೀಕ್ಷೆ ಸರಿಯಿದ್ದರೆ ದದ್ದು ಏಳಬಾರದು."

ಮುಖ ಗಂಟಿಕ್ಕಿಕೊಂಡೇ ಚುಚ್ಚಿದರು. ಎದ್ದಿತು, ಅವರೆಕಾಳಿನಷ್ಟೇ ದಪ್ಪ!

"ನೀರು ಕುಡಿಯೋದು ಕಮ್ಮಿ ಮಾಡಿ," ಅಂದರು.

ತಲೆ ಕೆಟ್ಟುಹೋಯಿತು. ಜೇಬಿನ ಪೆನ್ ತೆಗೆದು, ಮುಚ್ಚಳದ ತುದಿಯಿಂದ ಮುಂಗೈ ಮೇಲೆ ದೊಡ್ಡದಾಗಿ ಇಂಟು ಮಾರ್ಕ್ ಗೀಚಿದೆ, ಕೆಟ್ಟ ಪೀಸಿಗೆ ಹಾಕ್ತೀವಲ್ಲ, ಹಾಗೆ. ಐದೇ ನಿಮಿಷ, ಮಾರ್ಕು ಹಾಗೇ ಉಬ್ಬಿ ನಿಂತಿತು.

"ನೋಡಿ ಸ್ವಾಮಿ! ನನ್ನ ಚರ್ಮವೇ ಇಂಥದ್ದು, ಏನು ತಾಗಿದರೂ ಊದುತ್ತೆ. ಸುಮ್ಮಸುಮ್ಮನೆ ಮೂರು ವಾರ ಸೋರೆಕಾಯಿ ತಿನ್ನಿಸಿದಿರಲ್ರೀ! ಪಟ್ಟಿ ತಿದ್ದಿ!"

ಡಾಕ್ಟರು ಕನ್ನಡಕ ಏರಿಸಿಕೊಂಡು ಉಬ್ಬನ್ನು ಮುಟ್ಟಿ ಮುಟ್ಟಿ ನೋಡಿದರು. ಪಟ್ಟಿ ಈಸಿಕೊಂಡರು. ಹದಿನೇಳರ ಕೆಳಗೆ ಹದಿನೆಂಟು ಅಂತ ನಂಬರ್ ಹಾಕಿ ಬರೆದರು: ಪೆನ್ನಿನ ಮುಚ್ಚಳ.

ಅವತ್ತು ಹಿತಕಿದ ಬೇಳೆ ಸಾರನ್ನು ಮೂರು ಸಲ ಬಡಿಸಿಕೊಂಡೆ. ಆದರೂ ಓದಿದ ಡಾಕ್ಟರ ಮಾತಿಗೆ ಸ್ವಲ್ಪವಾದರೂ ಮರ್ಯಾದೆ ಕೊಡಬೇಕಲ್ಲ? ಮುಚ್ಚಳ ಮಾತ್ರ ಇವತ್ತಿಗೂ ತಿಂದಿಲ್ಲ.